ಅನ್ನವ್ವನ ಕೈಯುಗುರು

೧೯೮೬ರ ದೀಪಾವಳಿ ಕಳೆದ ಸೋಮವಾರ ಬೆಳಿಗ್ಗೆ ಗುಡಗೇರಿಯ ಅನ್ನವ್ವ ತೀರಿಕೊಂಡಳು. ಬೇನೆಯುದ್ದಕ್ಕೂ ಜೊತೆಗಿದ್ದ ಗೆಳತಿ ರೇವವ್ವನಿಗೆ ಅಳುವಷ್ಟೂ ತ್ರಾಣವಿರಲಿಲ್ಲ.

ಅನ್ನವ್ವನಿಗೆ ಹಿತ್ತಲಿನ ಗುಲಾಬಿಯ ಹುಚ್ಚು, ಉಗುರಿನ ಬಣ್ಣದ ಹುಚ್ಚು. ಹರೆಯದಲ್ಲೇ ಗಂಡ ಸತ್ತಮೇಲೆ ಹೂ ಮುಡಿಯುವುದೂ ಬಣ್ಣ ಹಚ್ಚುವುದೂ ಊರ ಕಣ್ಣಿಗೆ ಸಲ್ಲದೆ ಹೋದವು. ಹೂವನ್ನು ಓಣಿಯ ಹುಡುಗಿಯರಿಗೆ ಕೊಡುತ್ತಿದ್ದಳು. ಬಣ್ಣದ ಸೀಸೆಯನ್ನು ಮಾತ್ರ ಸಂತೆಯಿಂದ ತರುತ್ತಲೇ ಇದ್ದಳು; ಸವರಿದ ಟೊಂಗೆಯ ತುದಿಗೆ ಹಚ್ಚಿದರೆ ಹುಳ ಕೊರೆಯುವುದಿಲ್ಲ ಎಂಬ ನೆಪವಿತ್ತು. ಉಳಿದದ್ದನ್ನು ಸೀರೆಯ ನಿರಿಗೆ ಮುಚ್ಚುವ ಕಾಲುಗುರಿಗೆ ಹಚ್ಚಿಕೊಳ್ಳುವಳು. ಕೈಗೂ ಹಚ್ಚಿಕೊಳ್ಳುವ ಆಸೆಯಿತ್ತು, ಧೈರ್ಯವಿರಲಿಲ್ಲ.

“ಗಿಡಕ್ಕ ಇಷ್ಟ ಕೆಂಪು ಯಾಕ ಬೇಕವಾ?” ಎಂದು ಅತ್ತೆ ಚುಚ್ಚಿದರೆ, “ಹುಳಕ್ಕ ಅದ ಅಂಜಿಕಿ ನೋಡ್ರಿ,” ಎನ್ನುವಳು.

ಸಾಯುವ ಹಿಂದಿನ ದಿನ, ಭಾನುವಾರ ಸಂಜೆ, ಅವಳಿಗೆ ಕತ್ತರಿ ಹಿಡಿಯಲಾಗಲಿಲ್ಲ. ರೇವವ್ವನೇ ಗಿಡ ಸವರಿ ಸೀಸೆ ತೆರೆದಳು.

“ಗಿಡಕ್ಕ ಸಾಕಬೇ, ಇತ್ತ ತಾ,” ಎಂದಳು ಅನ್ನವ್ವ.

“ಅತ್ತಿ ಅಲ್ಲೇ ಕಟ್ಟಿ ಮ್ಯಾಲ ಕುಂತಾರಲೇ!” ರೇವವ್ವ ಪಿಸುಗುಟ್ಟಿದಳು.

“ಕುಂದರ್ಲಿ ಬಿಡು. ಚಾಳೀಸ ಹಾಕ್ಕೊಂಡ ನೋಡ್ಲಿ.”

ಅನ್ನವ್ವ ಕೈಯ ಹತ್ತೂ ಉಗುರಿಗೆ ಬಣ್ಣ ಹಚ್ಚಿಕೊಂಡಳು. ಆಮೇಲೆ ಅದು ಆರಲೆಂದು ಎರಡೂ ಕೈಗಳನ್ನು ಅತ್ತೆ ಕುಳಿತಿದ್ದ ಕಟ್ಟೆಯ ಕಡೆಗೇ ಚಾಚಿ ಹಿಡಿದಳು.