ಬೀಗ ಹಾಕಿದ ಮನೆಯ ಫ್ಯಾನು

ಓಣಿಗೆ ಓಣಿಯೇ ಕರೆಂಟ್ ಇಲ್ಲದ ಮಟಮಟ ಮಧ್ಯಾಹ್ನ, ಬೀಗ ಹಾಕಿದ ಮನೆಯೊಳಗೆ ಫ್ಯಾನ್ ತಿರುಗುವ ಸದ್ದು ಕೇಳಿದ್ದೀರಾ? ನಾನು ಕೇಳಿದೆ. ಕಳೆದ ಶುಕ್ರವಾರ, ರಾಯದುರ್ಗದ ನಮ್ಮದೇ ಓಣಿಯಲ್ಲಿ.

ಮೊದಲು ಆ ಮನೆಯ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಗೋಡೆಗೆ ಅಂಟಿಕೊಂಡೇ ಇರುವ ಮನೆ ಅದು. ನಿಂಗಪ್ಪಜ್ಜನದು. ಅಜ್ಜ ಪಡಸಾಲೆಯ ಮಂಚದ ಮೇಲೆ, ಫ್ಯಾನಿನ ಕೆಳಗೆ ಮಲಗಿದ್ದವರು ಹಾಗೆಯೇ ಹೋಗಿಬಿಟ್ಟರು. ಹೋದ ನಕ್ಷತ್ರ ಸರಿಯಿರಲಿಲ್ಲವಂತೆ, ಮನೆ ಬಿಡಬೇಕು ಎಂದು ಐನೋರು ಹೇಳಿದರು. ನಮ್ಮ ಕಡೆ ಇದು ಇದ್ದದ್ದೇ. ಮಗ, ಸೊಸೆ, ಬಿಟ್ಟ ಮನೆ ಕತ್ತಲಾಗಬಾರದೆಂದು ಪಡಸಾಲೆಯ ಬಲ್ಬು ಹಚ್ಚಿಟ್ಟು, ಬೀಗ ಹಾಕಿ, ಬಾಗಿಲಿಗೆ ಮುಳ್ಳುಕಂಟಿ ಅಡ್ಡ ಇಟ್ಟು ಬೊಮ್ಮನಹಾಳ್‌ನ ನೆಂಟರ ಮನೆಗೆ ಹೋದರು. ಹಾಗೆ ಮನೆ ಬಿಟ್ಟು ಹೋಗುವಾಗ ಹಿಂದಿರುಗಿ ನೋಡಬಾರದು. ಅವರು ನೋಡಲಿಲ್ಲ. ಹೇಳಿದ ಗಡುವು ಮುಗಿಯುವ ತನಕ ಯಾರೂ ಆ ಬೀಗ ತೆಗೆಯುವಂತಿಲ್ಲ.

ಆವತ್ತಿನಿಂದ ಓಣಿಯ ಮಂದಿ ಆ ಬಾಗಿಲ ಮುಂದೆ ಹಾಯುವಾಗ ಸ್ವಲ್ಪ ಸರಿದೇ ಹೋಗುತ್ತಾರೆ. (ನಾನೂ ಅಷ್ಟೇ. ಸುಳ್ಳು ಯಾಕೆ ಹೇಳಲಿ?)

ಇನ್ನು ನಮ್ಮ ಮನೆ. ನಮ್ಮ ಅತ್ತೆಗೆ ಉಸಿರಿನ ತೊಂದರೆ. ಆಕ್ಸಿಜನ್ ಮಷಿನ್ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಬಳ್ಳಾರಿಯ ಡಾಕ್ಟರು ಹೇಳಿದರು. ಮಂಚದ ಪಕ್ಕ ಒಂದು ಪೆಟ್ಟಿಗೆ, ಅದರಿಂದ ಮೂಗಿಗೆ ಒಂದು ಸಣ್ಣ ನಳಿಕೆ. ಕರೆಂಟ್ ಇರುವ ತನಕ ಅದು ಪಾಪ ಪುಸುಪುಸು ಎಂದು ಕೆಲಸ ಮಾಡುತ್ತದೆ. ಕರೆಂಟ್ ಹೋಯಿತೋ, ಒಂದೇ ಸಮ ಕೂಗಿಕೊಂಡು ಸುಮ್ಮನಾಗುತ್ತದೆ. ಆಮೇಲೆ ಅತ್ತೆಯ ತುಟಿಯ ಬಣ್ಣ ನೋಡುವುದು ಯಾರಿಗೂ ಬೇಡ.

ಮಾಳಿಗೆಯ ಮೇಲೆ ಸೋಲಾರ್ ಇದೆಯಲ್ಲ ಎನ್ನುತ್ತೀರಿ. ನಾನೂ ಅದನ್ನೇ ನಂಬಿದ್ದೆ. ಆದರೆ ಒಂದು ದಿನ ಕರೆಂಟ್ ಹೋದಾಗ ಮೇಲೆ ಹತ್ತಿ ನೋಡುತ್ತೇನೆ, ಕಣ್ಣು ಬಿಡಲಾಗದ ಬಿಸಿಲು, ಪ್ಯಾನೆಲ್‌ಗಳು ಕಾದ ಹೆಂಚಿನಂತೆ ಧಗಧಗ ಎನ್ನುತ್ತಿವೆ. ಕೆಳಗೆ ಮನೆ ಮಾತ್ರ ಸತ್ತು ಮಲಗಿದೆ. ಅಷ್ಟು ಬೆಳಕಿನ ನಡುವೆ ಅಂಥ ಕತ್ತಲು! ಬ್ಯಾಟರಿ ಇಲ್ಲದ ಸೋಲಾರ್ ಹಾಗೆಯೇ ಅಂತೆ. ಕಂಬದ ಲೈನಿನಲ್ಲಿ ಕರೆಂಟ್ ಇದ್ದರಷ್ಟೇ ಅದಕ್ಕೂ ಜೀವ.

ಅದಕ್ಕೇ ಹೈಬ್ರಿಡ್ ಇನ್ವರ್ಟರ್ ಹುಡುಕಾಟ ಶುರುವಾಯಿತು. ಸೂರ್ಯನದು, ಬ್ಯಾಟರಿಯದು, ಕಂಬದ್ದು, ಈ ಮೂರನ್ನೂ ಒಂದೇ ಪೆಟ್ಟಿಗೆ ಸಂಭಾಳಿಸಬೇಕು. (ಮೂವರು ಅತ್ತೆಯರಿಗೆ ಒಬ್ಬಳೇ ಸೊಸೆ ಎಂದುಕೊಳ್ಳಿ.) ಯಾವುದು ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳಿದರು. ಅಷ್ಟರಲ್ಲಿ ಇನ್ವರ್ಟರ್ ವ್ಯಾಪಾರ ಮಾಡುವ ನನ್ನ ಮೈದುನ, ಮೇಲೆ ಹೆಸರೇ ಇಲ್ಲದ ಒಂದು ಪೆಟ್ಟಿಗೆ ತಂದು ಇಳಿಸಿದ. “ಒಂದ್ ವಾರ ಟ್ರಯಲ್ ನೋಡ್ರಿ ಅತ್ತಿಗಿ” ಎಂದ. ಹಳೆಯ ಸೋಲಾರ್ ಪೆಟ್ಟಿಗೆಯನ್ನು ಆಫ್ ಮಾಡಿಟ್ಟ. ಪ್ಯಾನೆಲ್ ಆಮೇಲೆ ಜೋಡಿಸೋಣ, ಸದ್ಯಕ್ಕೆ ಬ್ಯಾಟರಿ. ವೈರಿಂಗೂ ಆಮೇಲೆ ಮಾಡೋಣ, ಸದ್ಯಕ್ಕೆ ಇದು ಎಂದು ಎರಡೂ ತುದಿಗೆ ಪ್ಲಗ್ ಇರುವ ಒಂದು ವೈರ್ ಕೊಟ್ಟ. ಒಂದು ತುದಿ ಇನ್ವರ್ಟರಿಗೆ, ಇನ್ನೊಂದು ತುದಿ ಪಡಸಾಲೆಯ ಸಾಕೆಟ್ಟಿಗೆ.

“ಕರೆಂಟ್ ಹೋದ ಕೂಡ್ಲೆ ಮೊದ್ಲು ಮೇನ್ ಆಫ್ ಮಾಡ್ರಿ. ಆಮ್ಯಾಲ ಪ್ಲಗ್ ಹಾಕ್ರಿ. ಇಡೀ ಮನಿಗೆ ಕರೆಂಟು!”

ಮೇನ್ ಯಾಕೆ ಆಫ್ ಮಾಡಬೇಕು? ಅವನು ಹೇಳಲಿಲ್ಲ. ನಾವು ಕೇಳಲಿಲ್ಲ. (‘ಸದ್ಯಕ್ಕೆ’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಎಷ್ಟೊಂದು ಆಯುಷ್ಯ, ಗಮನಿಸಿದ್ದೀರಾ?)

ಶುಕ್ರವಾರ ಮನೆಯವರು ಕೆಲಸದ ಮೇಲೆ ಕಲ್ಯಾಣದುರ್ಗಕ್ಕೆ ಹೋಗಿದ್ದರು. ಪೂಜೆ ಮುಗಿಸಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಕಂಬದಲ್ಲಿ ಚಟಾರ್ ಎಂದಿತು. ನಮ್ಮ ಮನೆಗೂ ಅಜ್ಜನ ಮನೆಗೂ ಬರುವ ಒಂದೇ ವೈರಿನ ಜಾಯಿಂಟು ಸುಟ್ಟು, ತುದಿ ಜೋತುಬಿದ್ದಿತ್ತು. ಒಳಗೆ ಅತ್ತೆಯ ಮಷಿನ್ ಕೂಗಿಕೊಂಡಿತು. ಓಡಿಹೋಗಿ ಮೇನ್ ಸ್ವಿಚ್ಚಿಗೆ ಕೈ ಹಾಕಿದೆ.

“ಮೇನ್ ಮುಟ್ಟಬ್ಯಾಡವಾ” ಎಂದರು ಅತ್ತೆ, ಏದುಸಿರಿನಲ್ಲೇ. “ದೇವರ ಮನಿ ದೀಪ ಐತಿ.”

ದೇವರ ಮನೆಯಲ್ಲಿ ಒಂದು ಸಣ್ಣ ಕೆಂಪು ಬಲ್ಬು ಹಗಲೂ ರಾತ್ರಿ ಉರಿಯುತ್ತದೆ. ಅತ್ತೆಯ ಹರಕೆ ಅದು.

“ಕರೆಂಟೇ ಇಲ್ಲವಲ್ಲ ಅತ್ತೆ. ದೀಪ ಆಗ್ಲೇ ಆರೋಗೈತೆ.”

“ತಾನ ಆರಿದ್ರ ದೇವರ ಇಚ್ಛಾ. ಶುಕ್ರಾರ ದಿನ ಕೈಯಾರ ಆರಿಸಿದ್ರ ನಮ್ಮ ಪಾಪ.”

ಉಸಿರಿಗೆ ಒದ್ದಾಡುತ್ತಿರುವವರ ಜೊತೆ ವಾದ ಮಾಡುತ್ತೀರಾ? ನಾನು ಮಾಡಲಿಲ್ಲ. ಮೇನ್ ಬಿಟ್ಟು ಪ್ಲಗ್ ಚುಚ್ಚಿದೆ. ಮಷಿನ್ ಮತ್ತೆ ಪುಸುಪುಸು ಎಂದಿತು. ಕೆಂಪು ದೀಪವೂ ಹತ್ತಿತು. ತಾಯಿ ದೊಡ್ಡವಳು ಎಂದು ಕೈ ಮುಗಿದೆ.

ಎದುರು ಮನೆಯ ಗಂಗಮ್ಮ ಲೈನ್‌ಮನ್‌ಗೆ ಫೋನ್ ಮಾಡಿದಳು. ಪುಣ್ಯಕ್ಕೆ ಅವನು ಪಕ್ಕದ ಓಣಿಯಲ್ಲೇ ಇದ್ದ. ಓಬಳೇಶ ಎಂದು, ಒಳ್ಳೆಯ ಹುಡುಗ. ಬಂದು ಏಣಿ ಇಟ್ಟ. ಫೋನಿನಲ್ಲಿ ಮಾತಾಡಿ ಇಡೀ ಓಣಿಯ ಲೈನ್ ಬಂದ್ ಮಾಡಿಸಿದ.

ನಮ್ಮ ಓಣಿಯ ಸದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಮಷಿನ್‌ಗಳು. ಬೆಳಗಿನಿಂದ ಗರ್ರ್ ಎನ್ನುತ್ತಲೇ ಇರುತ್ತವೆ. ಅವೆಲ್ಲ ಒಂದೇ ಏಟಿಗೆ ನಿಂತವು. ಕಿವಿಗೆ ಯಾರೋ ಹತ್ತಿ ತುರುಕಿದ ಹಾಗಾಯಿತು. ನಾಯಿ ಬೊಗಳುತ್ತಿಲ್ಲ, ಎಲೆ ಅಲುಗುತ್ತಿಲ್ಲ. ನೆತ್ತಿಯ ಮೇಲಿನ ಸೂರ್ಯ, ಕಾಲಡಿಗೆ ಮುದುಡಿಕೊಂಡ ನೆರಳು.

ಆಗ ಗೋಡೆಯ ಆಚೆಯಿಂದ ಕೇಳಿಸಿತು. ಕಿರ್... ಕಿರ್... ಕಿರ್...

ಅತ್ತೆ ಕಣ್ಣು ತೆರೆದರು. “ಕೇಳಿಸ್ತೇನವಾ?”

“ಏನತ್ತೆ ಅದು?”

“ನಿಂಗಣ್ಣನ ಫ್ಯಾನು.”

ಅಜ್ಜನ ಫ್ಯಾನು ಹಾಗೆಯೇ ಕಿರುಗುಟ್ಟುತ್ತಿತ್ತು. ಆ ಪಡಸಾಲೆಗೆ ಹೋದಾಗಲೆಲ್ಲ ಎಣ್ಣೆ ಬಿಡಿಸ್ರಿ ಎಂದು ಓಣಿಯವರಿಗೆಲ್ಲ ಹೇಳಿ ಹೇಳಿ ಸಾಕಾಗಿತ್ತು. ಆದರೆ ಈಗ? ಓಣಿಗೇ ಕರೆಂಟ್ ಇಲ್ಲ. ಮನೆಗೆ ಬೀಗ.

ಹೊರಗೆ ಬಂದೆ. ಗಂಗಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬೀದಿಯಲ್ಲಿ ನಿಂತಿದ್ದಳು. ಬಾಯಿಗೆ ಸೆರಗು. ಬಾಗಿಲ ಮೇಲಿನ ಗವಾಕ್ಷಿಯತ್ತ ಬೆರಳು ತೋರಿಸಿದಳು. ಒಳಗೆ ಹಳದಿ ಬೆಳಕು. ಆ ಬೆಳಕಿನಲ್ಲಿ ಫ್ಯಾನಿನ ರೆಕ್ಕೆಯ ನೆರಳು ಹಾಯುತ್ತಿತ್ತು, ಮತ್ತೆ ಹಾಯುತ್ತಿತ್ತು. ಬೀಗದ ಮೇಲಿನ ಧೂಳು ಹಾಗೆಯೇ ಇತ್ತು. ಮುಳ್ಳುಕಂಟಿಗೆ ಜೇಡ ಬಲೆ ಕಟ್ಟಿತ್ತು.

“ಊರಿಗೆಲ್ಲ ಕರೆಂಟಿಲ್ಲ. ಅಜ್ಜಗ ಅಷ್ಟ ಯಾರ್ ಕೊಟ್ಟಾರ್ರಿ?” ಎಂದಳು ಪಿಸುಮಾತಿನಲ್ಲಿ. “ಬಂದಾನ ನೋಡ್ರಿ. ಶುಕ್ರಾರ ಬ್ಯಾರೆ, ನಡು ಮಧ್ಯಾಹ್ನ ಬ್ಯಾರೆ. ಸೆಕಿ ತಡಿಲಾರದ ಬಂದು ಮಕ್ಕೊಂಡಾನ.”

“ಸುಮ್ನಿರ್ರಿ ಗಂಗಮ್ಮ!” ಎಂದೆ. ಆದರೆ ನಾನೂ ಅಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಹಣೆಗೆ ವಿಭೂತಿ ಇಟ್ಟುಕೊಂಡೆ. ಅತ್ತೆಗೂ ಹಚ್ಚಿದೆ. ಅವರು ಉಸಿರು ಎಳೆದಾಗೊಮ್ಮೆ ಆಚೆ ಕಿರ್ ಎನ್ನುತ್ತಿತ್ತು. ಬಿಟ್ಟಾಗೊಮ್ಮೆ ಕಿರ್. ಗೋಡೆಯ ಎರಡು ಕಡೆಯಿಂದಲೂ ಯಾರೋ ಒಂದೇ ಉಸಿರನ್ನು ಹಂಚಿಕೊಳ್ಳುತ್ತಿರುವ ಹಾಗೆ.

ಸಾಕೆಟ್ಟಿನಲ್ಲಿ ಪ್ಲಗ್ ಸಡಿಲವಾಗಿ ಚಿಟಿಚಿಟಿ ಎನ್ನುತ್ತಿತ್ತು. ಗಟ್ಟಿಯಾಗಿ ಕೂರಿಸೋಣ ಎಂದು ಎಳೆದೆ. ಅತ್ತೆಯ ಮಷಿನ್ ಕೂಗಿತು. ಗೋಡೆಯ ಆಚೆ ಕಿರ್... ಕಿರ್ರ್... ಸದ್ದು ನಿಧಾನವಾಗಿ ನಿಂತುಹೋಯಿತು.

ಗಾಬರಿಯಾಗಿ ಮತ್ತೆ ಚುಚ್ಚಿದೆ. ಕಿರ್.

ಎಳೆದೆ. ನಿಂತಿತು. ಚುಚ್ಚಿದೆ. ಕಿರ್, ಕಿರ್.

ಕೂದಲು ನೆಟ್ಟಗಾಗುವುದು ಎಂದರೆ ಏನೆಂದು ಆವತ್ತು ಗೊತ್ತಾಯಿತು. ಅಜ್ಜನಿಗೆ ಕರೆಂಟ್ ಕೊಡುತ್ತಿದ್ದವಳು ನಾನು! ನನ್ನ ಕೈಯಲ್ಲಿದ್ದ ಪ್ಲಗ್ಗಿನಿಂದ ಹೊರಟದ್ದು, ಆಫ್ ಮಾಡದೆ ಬಿಟ್ಟ ಮೇನ್ ದಾಟಿ, ಹೊರಗಿನ ವೈರು ಹಿಡಿದು ಅಜ್ಜನ ಪಡಸಾಲೆಗೆ ಹೋಗುತ್ತಿತ್ತು. ಅಲ್ಲಿಗೆ ಹೋಗಿದೆ ಎಂದರೆ ಆ ವೈರಿನ ಇನ್ನೊಂದು ತುದಿಗೂ ಹೋಗಿರಲೇಬೇಕಲ್ಲ? ಆ ತುದಿ ಕಂಬದಲ್ಲಿ ಜೋತುಬಿದ್ದಿದೆ. ಅಲ್ಲಿ ಓಬಳೇಶ ಇದ್ದಾನೆ.

ಪ್ಲಗ್ ಕಿತ್ತೆಸೆದು ಓಡಿದೆ. ಸೆರಗು ಎಲ್ಲಿತ್ತೋ ಏನೋ. ಅವನು ಏಣಿಯ ತುದಿಯಲ್ಲಿದ್ದ. ಕೈಗವಸನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ. ಬರಿಗೈ ಆ ತುದಿಯತ್ತ ಚಾಚಿತ್ತು.

“ಮುಟ್ಟಬೇಡ! ಇಳಿಯಪ್ಪಾ! ಇಳಿ!”

“ಯಾಕಮ್ಮಾ? ಲೈನ್ ಬಂದ್ ಮಾಡ್ಸೀನಿ.”

“ನಿಮ್ಮ ಲೈನ್ ಅಲ್ಲ, ನಮ್ಮನೆ ಇನ್ವರ್ಟರ್ ಕರೆಂಟು! ಈ ವೈರಿಗೆ ಬತ್ತೈತೆ!”

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಒಂದೊಂದೇ ಮೆಟ್ಟಿಲು ಇಳಿದು ಬಂದು ನೆಲದ ಮೇಲೆ ಕುಳಿತುಬಿಟ್ಟ. ನೀರು ಕೇಳಿದ. ಗಂಗಮ್ಮ ತಂಬಿಗೆ ತಂದಳು.

“ಟೆಸ್ಟರ್ ಹಚ್ಚಿ ನೋಡ್ಲಿಲ್ವೇನಪ್ಪಾ?” ಎಂದೆ.

ತಲೆ ತಗ್ಗಿಸಿದ. “ಆ ಫ್ಯಾನಿನ ಸೌಂಡ್ ನಾನೂ ಕೇಳಿದ್ನಮ್ಮಾ. ಅಂಜಿಕಿ ಆತು. ಲಗೂನ ಮುಗಿಸಿ ಹೋಗಿಬಿಡೂಣಂತ ಏನೂ ನೋಡಲಾರದ ಹತ್ತಿದೆ.”

ದೆವ್ವಕ್ಕೆ ಹೆದರಿ ನಾವಿಬ್ಬರು ಹೆಂಗಸರು ಬೀದಿಯಲ್ಲಿ ನಿಂತೆವು. ಅದೇ ಹೆದರಿಕೆ ಅವನನ್ನು ಅವಸರವಾಗಿ ಮೇಲೆ ಹತ್ತಿಸಿತ್ತು. ಆ ಮನೆಯಲ್ಲಿ ಯಾರೂ ಇರಲಿಲ್ಲ. ಮನೆ ಬಿಡುವ ದಿನ ಆರಿಸದೆ ಹೋದ ಒಂದು ಫ್ಯಾನ್ ಇತ್ತು, ಅಷ್ಟೇ. ಆವತ್ತಿನಿಂದಲೂ ಅದು ತಿರುಗುತ್ತಲೇ ಇತ್ತು. ಹೊಲಿಗೆ ಮಷಿನ್‌ಗಳ ಗದ್ದಲದಲ್ಲಿ, ರಾತ್ರಿ ನಮ್ಮನಮ್ಮ ಫ್ಯಾನುಗಳ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಒಳಗೆ ಅತ್ತೆಯ ಮಷಿನ್ ನಿಂತೇ ಇತ್ತು. ಓಡಿಬಂದೆ. ತುಟಿ ಕಪ್ಪಿಟ್ಟಿತ್ತು. ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದೆ.

“ಮೇನ್... ಆರ್ಸು” ಎಂದರು.

“ಶುಕ್ರವಾರ ಅತ್ತೆ...”

“ಆರ್ಸವಾ. ಆ ಹುಡುಗನ ಅವ್ವನೂ ಇವತ್ತ ದೀಪ ಹಚ್ಚಿರ್ತಾಳ.”

ಆರಿಸಿದೆ. ಪ್ಲಗ್ ಹಾಕಿದೆ. ಮಷಿನ್ ಹೊರಟಿತು. ಆಚೆ ಫ್ಯಾನ್ ಉಸಿರೆತ್ತಲಿಲ್ಲ. ದೇವರ ಮನೆಯತ್ತ ತಿರುಗಿದರೆ ಕೆಂಪು ದೀಪ ತನ್ನ ಪಾಡಿಗೆ ಉರಿಯುತ್ತಿದೆ! ಇನ್ವರ್ಟರ್ ನಡೆಯುವಾಗ ಮೇನ್ ಆರಿಸಿದರೆ ಮನೆಯೊಳಗಿನ ದೀಪ ಆರುವುದಿಲ್ಲ, ಹೊರಗೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಅತ್ತೆ ಬೇಡ ಎನ್ನುತ್ತಿದ್ದರೇ? ಓಬಳೇಶ ಟೆಸ್ಟರ್ ಹಚ್ಚಿ, ನನ್ನ ಮುಖ ನೋಡಿ, ಇನ್ನೊಮ್ಮೆ ಹಚ್ಚಿ, ಕೈಗವಸು ಹಾಕಿಕೊಂಡು ಹತ್ತಿದ.

ಸಂಜೆಯ ಹೊತ್ತಿಗೆ ಕರೆಂಟ್ ಬಂತು. ಅಜ್ಜನ ಫ್ಯಾನೂ ಶುರುವಾಯಿತು. ಬೊಮ್ಮನಹಾಳ್‌ಗೆ ಫೋನ್ ಮಾಡಿ ಹೇಳಿದೆವು. ಗಡುವು ಮುಗಿಯುವ ಮೊದಲು ಬೀಗ ತೆಗೆಯುವಂತಿಲ್ಲವಲ್ಲ, ಏನು ಮಾಡೋದು ಎಂದರು. ಹೊರಗಿನ ಮೀಟರಿನಲ್ಲೇ ಫ್ಯೂಜ್ ತೆಗೆಯಲೇ ಎಂದು ಓಬಳೇಶ ಕೇಳಿದ. ಹಚ್ಚಿಟ್ಟು ಹೋದ ಬಲ್ಬೂ ಆರುತ್ತದೆ, ಬೇಡ ಎಂದು ಗಂಗಮ್ಮ ಕೈ ಅಡ್ಡ ಹಿಡಿದಳು. ಹೀಗಾಗಿ ನಾನು ಇದನ್ನು ಬರೆಯುವಾಗಲೂ ಗೋಡೆಯ ಆಚೆ, ಖಾಲಿ ಮಂಚದ ಮೇಲೆ ಅದು ತಿರುಗುತ್ತಿದೆ. ಕಾರಣ ಗೊತ್ತಿದೆ. ಆದರೂ ಮಧ್ಯಾಹ್ನದ ಹೊತ್ತು ಆ ಗೋಡೆಗೆ ಬೆನ್ನು ಕೊಟ್ಟು ಕೂರಲು ನನ್ನಿಂದ ಆಗುತ್ತಿಲ್ಲ.

ಆದರೂ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಲೆಕ್ಕ ಹಾಕುತ್ತೇನೆ. ಪ್ಲಗ್ ಸಡಿಲವಾಗಿತ್ತು. ಓಣಿ ಸುಮ್ಮನಾಗಿತ್ತು. ಅಜ್ಜ ಆ ಫ್ಯಾನಿಗೆ ಎಂದೂ ಎಣ್ಣೆ ಬಿಡಿಸಲಿಲ್ಲ. ಅವರ ಆತ್ಮ ತಣ್ಣಗಿರಲಿ.

ಮೈದುನನ ಪೆಟ್ಟಿಗೆಯನ್ನು ಮರುದಿನವೇ ವಾಪಸು ಕಳಿಸಿದೆವು, ಆ ಎರಡು ಪ್ಲಗ್ಗಿನ ವೈರನ್ನು ಕತ್ತರಿಸಿ. ಆಸ್ಪತ್ರೆಯಿಂದ ಒಂದು ಆಕ್ಸಿಜನ್ ಸಿಲಿಂಡರ್ ತಂದಿಟ್ಟುಕೊಂಡು, ಬಳ್ಳಾರಿಯಲ್ಲಿ ಅಂಗಡಿ ಹತ್ತಿದೆವು. ಮೊದಲ ಅಂಗಡಿಯವರು ಆ್ಯಪ್ ತೋರಿಸಿದರು, ವೈಫೈ ತೋರಿಸಿದರು, ಬಣ್ಣಬಣ್ಣದ ಗೆರೆ ತೋರಿಸಿದರು. ಕರೆಂಟ್ ಹೋದಾಗ ಇದು ಕಂಬದ ಕಡೆ ವಾಪಸು ಬಿಡುತ್ತದೋ ಇಲ್ಲವೋ ಅದನ್ನು ತೋರಿಸಿ ಎಂದೆ.

“ಅದೆಲ್ಲ ಕಂಪನಿಯೋರು ನೋಡಿರ್ತಾರ್ರಿ ಮೇಡಂ. ನಿಮಗ್ಯಾಕ ಆ ಟೆನ್ಶನ್ನು?”

ಎದ್ದು ಬಂದೆವು.

ಎರಡನೆಯ ಅಂಗಡಿಯಾತ ಜಾಸ್ತಿ ಮಾತಾಡಲಿಲ್ಲ. ಮನೆಯಲ್ಲಿ ಏನೇನು ನಡೆಯಬೇಕು ಎಂದು ಕೇಳಿದ. ಅತ್ತೆಯ ಮಷಿನ್ ಎಂದಾಗ, ಅದಕ್ಕೂ ದೇವರ ಮನೆಗೂ ಬೇರೆಯೇ ವೈರ್ ಎಳೆಯಬೇಕು, ಸಾಕೆಟ್ಟಿಗೆ ಚುಚ್ಚುವ ಮಾತೇ ಇಲ್ಲ ಎಂದ. ಕೆಟ್ಟರೆ ಯಾರು ಬರುತ್ತಾರೆ ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, ರಾಯದುರ್ಗದಲ್ಲೇ ಇರುವ ಮೆಕ್ಯಾನಿಕ್‌ಗೆ ನಮ್ಮ ಮುಂದೆಯೇ ಫೋನ್ ಹಚ್ಚಿದ. ಕೊನೆಗೆ ನನ್ನ ಪರೀಕ್ಷೆ. ಇನ್ವರ್ಟರಿಗೆ ಕಂಬದ ಕರೆಂಟ್ ಬರುವ ಕಡೆ ಒಂದು ಬಲ್ಬು ಕಟ್ಟಿದ. ಕರೆಂಟ್ ವಾಪಸು ಹರಿದರೆ ಅದು ಉರಿಯಬೇಕು. ಮನೆಗೆ ಹೋಗುವ ಕಡೆ ಒಂದು ಟೇಬಲ್ ಫ್ಯಾನು. ಆಮೇಲೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತ.

ಫ್ಯಾನ್ ಬೀಸುತ್ತಲೇ ಇತ್ತು. ಬಲ್ಬು ಆರಿತು. ಆರಿಯೇ ಇತ್ತು.

ದೀಪ ಹಚ್ಚಿ ಕೈ ಮುಗಿದದ್ದು ಜೀವನವೆಲ್ಲ ಆಯಿತು. ಆರಿದ ಬಲ್ಬಿಗೆ ಕೈ ಮುಗಿದದ್ದು ಆವತ್ತೇ ಮೊದಲು. ಅಂಗಡಿಯವರು ಮುಖಮುಖ ನೋಡಿಕೊಂಡರು. ನೋಡಿಕೊಳ್ಳಲಿ.

ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ಏನೇನು ಉರಿಯಬೇಕು ಎಂದು ಎಲ್ಲರೂ ಕೇಳುತ್ತೇವೆ. ನಮ್ಮ ಗೋಡೆಯ ಆಚೆ ಏನು ಆರಿರಬೇಕು ಎಂದು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?