ನಾನು ಕರೆಯದ ಹೆಸರು

ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಒಂದು ಹೆಸರಿದೆ. ನಾನು ಮಾತ್ರ ಅದನ್ನು ಕರೆದವಳಾಗಿರಲಿಲ್ಲ. ಮೊದಲು ಅದು ನನ್ನ ಅತ್ತೆಯ ಹೆಸರಾಗಿತ್ತು. ಸೊಸೆಯಾದವಳು ಅತ್ತೆಯ ಹೆಸರು ಹಿಡಿಯಬಾರದು ಎಂದು ಚಿಂತಾಮಣಿಯ ನನ್ನ ತವರಿನಲ್ಲಿ ಹೇಳಿ ಕಳಿಸಿದ್ದರು. ಅತ್ತೆ ತೀರಿಕೊಂಡ ವರ್ಷವೇ ನನಗೆ ಮಗಳು ಹುಟ್ಟಿದಳು. "ಅವರೇ ವಾಪಸ್ ಬಂದ್ರು" ಎಂದು ನೆಂಟರೆಲ್ಲ ಸೇರಿ ಮಗುವಿಗೆ ಅದೇ ಹೆಸರಿಟ್ಟರು. ಕಿವಿಯಲ್ಲಿ ಹೆಸರು ಹೇಳುವ ಶಾಸ್ತ್ರ ಸೋದರತ್ತೆಯದಾದ್ದರಿಂದ ನಾನು ಬಚಾವಾದೆ. ಅಂದಿನಿಂದ ಮಗಳು ನನಗೆ ಬುಜ್ಜಿ.

ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಮೂಢನಂಬಿಕೆಯ ಮೇಲೆ ಮಕ್ಕಳಿಂದ ಪ್ರಬಂಧ ಬರೆಸುತ್ತೇನೆ. ಆದರೂ ಹಾಜರಿ ಕರೆಯುವಾಗ ಆ ಹೆಸರಿನ ಹುಡುಗಿ ಬಂದರೆ ಅವಳ ನಂಬರು ಕೂಗುತ್ತೇನೆ. ನಗುವವರು ನಗಲಿ.

ನನ್ನ ಈ ಮರ್ಯಾದೆಯಿಂದ ಅತ್ತೆಗೇನೂ ಖುಷಿಯಿರಲಿಲ್ಲ. ಮಾವ ಹೋದ ಮೇಲೆ ಅತ್ತೆಯ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. "ಎಲ್ರಿಗೂ ಅಮ್ಮ, ಎಲ್ರಿಗೂ ಅತ್ತೆ ಆಗ್ಬಿಟ್ಟೆ ಕಣಮ್ಮ. ಹೆಸರು ಹಿಡಿದು ಕರೆಯೋರೇ ಇಲ್ಲ. ನೀನಾದ್ರೂ ಒಂದ್ಸಲ ಕರೆಯಮ್ಮ, ಹೆಂಗಿರ್ತದೋ ನೋಡಣ" ಎನ್ನುತ್ತಿದ್ದರು. "ಸುಮ್ನಿರಿ ಅತ್ತೆ" ಎಂದು ನಾನು ನಕ್ಕುಬಿಡುತ್ತಿದ್ದೆ.

ಅವರಿಗಿದ್ದ ಇನ್ನೊಂದು ಆಸೆ ಸಮುದ್ರ ನೋಡುವುದು. ಜಂಗಮಕೋಟೆಯ ಹತ್ತಿರ ನಮ್ಮ ಹಿಪ್ಪುನೇರಳೆ ತೋಟ, ಆಗ ಮನೆಯಲ್ಲೇ ರೇಷ್ಮೆ ಹುಳ ಸಾಕುತ್ತಿದ್ದೆವು. ಒಮ್ಮೆ ನನ್ನ ಗಂಡ ಮೊಬೈಲಿನಲ್ಲೇ ಕುಮಟಾ ಕಡೆಗೆ ಬಸ್ಸು, ರೂಮು ಎಲ್ಲ ಬುಕ್ ಮಾಡಿದರು. ಹೊರಡಬೇಕು ಅನ್ನುವಾಗ ಹುಳಗಳು ನಾಲ್ಕನೇ ಜ್ವರದಿಂದ ಎದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುವುದು. ಅದರಿಂದ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯೊಳಗೆ ಸಣ್ಣ ಮಳೆ ಹಿಡಿದ ಹಾಗೆ ತಿನ್ನುವ ಸದ್ದು. "ಹುಳ ಬಿಟ್ಟು ಬರಕ್ಕಾಗಲ್ಲ, ಇನ್ನೊಂದ್ಸಲ ನೋಡಣ" ಎಂದರು ಅತ್ತೆ. ಆ ಇನ್ನೊಂದು ಸಲ ಬರಲೇ ಇಲ್ಲ. ಅವರು ಹೋದ ಮೇಲೆ ಹುಳ ಸಾಕುವುದನ್ನೂ ಬಿಟ್ಟೆವು.

ಈ ಸಲದ ದಸರಾ ರಜೆಗೆ ಬುಜ್ಜಿಗೆ ಸಮುದ್ರ ತೋರಿಸೋಣವೆಂದು ನಾನೇ ಬುಕ್ ಮಾಡಲು ಕುಳಿತೆ. ಗಂಡನ ಹಳೆಯ ಖಾತೆ, ಅದೇ ಆ್ಯಪು. ಒಂದು ಕಡೆ ಸಾರು ಕುದಿಯುತ್ತಿತ್ತು. ಮಗಳ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದೆ, ಮಿಕ್ಕಿದ್ದನ್ನೆಲ್ಲ ಅದೇ ತುಂಬಿಕೊಂಡಿತು. ಎಷ್ಟು ಜಾಣ ಮೊಬೈಲು ಎಂದುಕೊಂಡು ಹಣ ಕಟ್ಟಿ ಎದ್ದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನ್ನದೂ ಹಾಗೇ ಆಯಿತು.

ಹೊರಡುವ ಹಿಂದಿನ ದಿನ ಕುಮಟಾದಿಂದ ಹೋಂಸ್ಟೇ ಯಜಮಾನರ ಫೋನು ಬಂತು.

"ನಮ್ಮನೆಯವಳ ಹತ್ರ ಅಜ್ಜಿ ನಿನ್ನೆ ಮಾತಾಡಿದ್ರಂತೆ. ಮೊಣಕಾಲು ನೋವಂತಲ್ಲ, ಕೆಳಗಿನ ಕೋಣೆ ಕೊಡ್ವ, ಅಡ್ಡಿಲ್ಲ."

"ಯಾವ ಅಜ್ಜಿ?" ಎಂದೆ.

ಅವರು ಹೆಸರು ಹೇಳಿದರು.

ಆ್ಯಪು ತೆಗೆದು ನೋಡಿದೆ. ಹೆಸರು ಸರಿಯಾಗಿಯೇ ಇತ್ತು. ವಯಸ್ಸಿನ ಜಾಗದಲ್ಲಿ ಅರವತ್ತೆಂಟು. ಕೆಳಗೆ ಅತ್ತೆಯ ನಂಬರು. ಅವತ್ತು ಸಮುದ್ರಕ್ಕೆ ಹೊರಟು ನಿಂತ ಅತ್ತೆ ಆ ಖಾತೆಯಲ್ಲಿ ಇನ್ನೂ ಹೊರಟೇ ನಿಂತಿದ್ದರು. ಅವರ ಬಟನ್ ಫೋನು ದೇವರ ಪಟದ ಪಕ್ಕದಲ್ಲಿ ಈಗಲೂ ಇದೆ. ಗ್ಯಾಸಿಗೂ ಬ್ಯಾಂಕಿಗೂ ಅದೇ ನಂಬರೆಂದು ನನ್ನ ಗಂಡ ಅದಕ್ಕೆ ಚಾರ್ಜು ಹಾಕುತ್ತಾ ಬಂದಿದ್ದಾರೆ. ಹಾಗೆಂದು ಅವರು ಹೇಳುತ್ತಾರೆ.

ಬುಜ್ಜಿಯನ್ನು ಕರೆದೆ. "ಅಜ್ಜಿ ಫೋನು ನೀನು ತಗೊಂಡಿದ್ದಾ?"

"ಹ್ಞೂಂ. ಹೆಸರು ಕೇಳಿದ್ರು, ಹೇಳ್ದೆ."

"ಮೊಣಕಾಲು ನೋವು ಅಂದ್ಯಾ?"

ಲಂಗ ಎತ್ತಿ ಸ್ಕೂಲಿನಲ್ಲಿ ಬಿದ್ದು ತರಚಿಕೊಂಡ ಮೊಣಕಾಲು ತೋರಿಸಿದಳು. ನನಗೆ ಹೋದ ಜೀವ ಬಂದಂತಾಗಿ ನಗು ಬಂತು.

"ಇನ್ನೇನ್ ಕೇಳಿದ್ರು?"

"ಸಮುದ್ರ ನೋಡಿದ್ದೀರಾ ಅಂದ್ರು. ಆವಾಗ ಹುಳ ಬಿಟ್ಟು ಬರಕ್ಕಾಗ್ಲಿಲ್ಲ ಅಂದೆ."

ನನ್ನ ನಗು ಅಲ್ಲೇ ನಿಂತಿತು. ಆ ಮಾತನ್ನು ಅವಳಿಗೆ ನಾನು ಹೇಳಿರಲಿಲ್ಲ. ಸಂಜೆ ಗಂಡನನ್ನು ಕೇಳಿದರೆ, "ನಾನಂತೂ ಹೇಳಿಲ್ಲ. ಎಲ್ಲೋ ಕೇಳಿಸ್ಕೊಂಡಿರ್ತಾಳೆ ಬಿಡು" ಎಂದರು.

ವಯಸ್ಸು ತಿದ್ದಿಸಲು ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಪ್ರಯಾಣಿಕರ ಹೆಸರು ಕೇಳಿದಳು. ನಾನು ಒಂದೊಂದೇ ಇಂಗ್ಲಿಷ್ ಅಕ್ಷರ ಬಿಡಿಸಿ ಹೇಳಿದೆ. "ಪೂರ್ತಿ ಹೆಸರು ಒಂದೇ ಸಲ ಹೇಳಿ ಮೇಡಂ" ಎಂದಳು. ಫೋನನ್ನು ಗಂಡನ ಕೈಗೆ ತುರುಕಿದೆ. ವಯಸ್ಸು ಮಾತ್ರ ಬದಲಿಸಲಾಗುವುದಿಲ್ಲವಂತೆ. ಇವರನ್ನು ತೆಗೆದು ಹೊಸಬರನ್ನು ಸೇರಿಸಬೇಕು, ತೆಗೆಯಲು ಅವರದೇ ನಂಬರಿಗೆ ಒಟಿಪಿ ಬರುತ್ತದೆ.

ದೇವರ ಪಟದ ಪಕ್ಕ ಫೋನು ಕುಂಯ್ ಎಂದಿತು. ಬುಜ್ಜಿ ಓಡಿಹೋಗಿ ತಂದು, ಅದರಲ್ಲಿದ್ದ ಹೆಸರನ್ನು ತಾನೇ ಗಟ್ಟಿಯಾಗಿ ಓದಿದಳು. ಅವರನ್ನು ಪ್ರಯಾಣದಿಂದ ಕೈಬಿಡುತ್ತಿದ್ದೇವೆ, ಒಪ್ಪಿಗೆಯೇ ಎಂದು ಮೆಸೇಜು ಕೇಳಿತ್ತು.

"ನನ್ನ ಯಾಕೆ ಬಿಟ್ಟು ಹೋಗ್ತೀರ? ಈ ಸಲನೂ ಬಿಟ್ಟು ಹೋಗ್ತೀರಾ?" ಎಂದು ಅಳತೊಡಗಿದಳು.

ನನ್ನ ಗಂಡ ಆ ಪುಟ್ಟ ಪರದೆಯನ್ನೇ ನೋಡುತ್ತಿದ್ದು, "ನಮ್ಮಮ್ಮನ್ನ ಬೇಡ ಅನ್ನಕ್ಕೆ ನನ್ ಕೈಲಾಗಲ್ಲ ಕಣೇ" ಎಂದು ಫೋನು ಕಟ್ ಮಾಡಿದರು. ಅವರಿಗೆ ತಾಯಿಯ ನೆನಪು. ನನಗೆ ನನ್ನ ಮಗಳ ಚಿಂತೆ. ಅತ್ತೆ ಒಳ್ಳೆಯವರು, ಸುಳ್ಳು ಹೇಳಬಾರದು. ಆದರೆ ನನ್ನ ಮಗಳೊಳಗೆ ಬಂದು ಕೂರುವಷ್ಟು ಒಳ್ಳೆಯತನ ನನಗೆ ಬೇಡವಾಗಿತ್ತು. ಅವಳ ಹೆಸರು ಹೋಗಿತ್ತು, ಈಗ ಸೀಟೂ ಹೋಯಿತು, ಇನ್ನುಳಿದದ್ದು ಅವಳೊಬ್ಬಳೇ ಎಂದು ಹೆದರಿದೆ.

ಬಸ್ಸಿನಲ್ಲಿ ಕ್ಲೀನರ್ ಬಂದು, "ಅಜ್ಜಿ ಎಲ್ಲಿ? ಕೆಳಗಿನ ಸೀಟು ಕೊಟ್ಟಿದ್ದೀವಿ" ಎಂದ. ಬುಜ್ಜಿ ಕೈ ಎತ್ತಿದಳು. ಸುತ್ತಲಿದ್ದವರೆಲ್ಲ ನಕ್ಕರು. ದಾರಿಯುದ್ದಕ್ಕೂ ಅವಳ ಕೈ ಹಿಡಿದೇ ಮಲಗಿದ್ದೆ.

ಹೋಂಸ್ಟೇಯಲ್ಲಿ ಯಜಮಾನರ ಹೆಂಡತಿ ಕೆಳಗಿನ ಕೋಣೆಗೆ ಕುರ್ಚಿ ಹಾಕಿಸಿ, ಹಂಡೆಯಲ್ಲಿ ಬಿಸಿನೀರು ಕಾಯಿಸಿ, ಮೆತ್ತಗೆ ಗಂಜಿ ಮಾಡಿಟ್ಟಿದ್ದರು. ಅಜ್ಜಿಯ ಕೈ ಹಿಡಿದು ಇಳಿಸಲೆಂದು ಆಟೋದವರೆಗೂ ಬಂದರು. ನಾನು ನಡೆದದ್ದನ್ನು ಹೇಳಿ, ಫೋನಿನಲ್ಲಿ ಮಾತಾಡಿದವಳು ಇವಳೇ ಎಂದು ಬುಜ್ಜಿಯನ್ನು ಮುಂದೆ ತಳ್ಳಿದೆ. ಆಕೆ ನಗಲಿಲ್ಲ.

"ನಾನೂ ಮೂರು ಮಕ್ಕಳನ್ನು ಬೆಳೆಸಿದವಳು. ಮಕ್ಕಳ ಸ್ವರ ನಂಗೆ ಗೊತ್ತಾಗೂದಿಲ್ವಾ?" ಎಂದರು. ಗಂಜಿಯನ್ನು ಒಳಗೆ ತೆಗೆದುಕೊಂಡು ಹೋಗಲು ಬಂದಾಗ ಅದನ್ನು ಬುಜ್ಜಿ ತಿಂದು ಮುಗಿಸಿದ್ದಳು. ಮನೆಯಲ್ಲಿ ಗಂಜಿಯೆಂದರೆ ಮುಖ ತಿರುಗಿಸುವ ಹುಡುಗಿ.

ಬಿಸಿಲು ಇಳಿಯುತ್ತಿದ್ದಂತೆ ಸಮುದ್ರಕ್ಕೆ ಹೋದೆವು. ಗಂಡ ಎಳನೀರು ತರಲು ರಸ್ತೆಯ ಕಡೆ ಹೋದರು. ನಾನು ಚಪ್ಪಲಿ ಬಿಡಲು ಬಗ್ಗಿ ತಲೆಯೆತ್ತುವುದರಲ್ಲಿ ಬುಜ್ಜಿ ನೀರಿನ ಅಂಚಿನಲ್ಲಿದ್ದಳು. ಲಂಗದ ಅಂಚನ್ನು ಎತ್ತಿ ಎಡಸೊಂಟಕ್ಕೆ ಸಿಕ್ಕಿಸಿಕೊಂಡಳು. ತೋಟಕ್ಕೆ ನೀರು ಹಾಯಿಸುವಾಗ ಅತ್ತೆ ಸೀರೆಯನ್ನು ಹಾಗೇ ಸಿಕ್ಕಿಸುತ್ತಿದ್ದರು. ಆಮೇಲೆ ಅವಸರವಿಲ್ಲದೆ ಒಳಕ್ಕೆ ನಡೆದಳು.

"ಬುಜ್ಜೀ!"

ತಿರುಗಲಿಲ್ಲ. ನೀರು ಅವಳ ಮೊಣಕಾಲು ದಾಟಿತು.

"ಬುಜ್ಜೀ, ನಿಂತ್ಕೊಳ್ಳೇ!"

ನನ್ನ ದನಿಗೆ ಪಕ್ಕದಲ್ಲಿದ್ದವರು ತಿರುಗಿದರು, ಅವಳು ತಿರುಗಲಿಲ್ಲ. ಅಲೆಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದು ಈಗ ಅಂದುಕೊಳ್ಳುತ್ತೇನೆ. ಓಡಿದೆ. ಹಸಿ ಮರಳಿನಲ್ಲಿ ಕಾಲು ಹೂತುಹೋಗಿ ಮುಗ್ಗರಿಸಿದೆ. ದೊಡ್ಡ ಅಲೆಯೊಂದು ಮುರಿದು ಅವಳ ಸೊಂಟಕ್ಕೆ ಬಂತು. ಆಗ ನನ್ನ ಬಾಯಿಂದ ಆ ಹೆಸರು ಬಂತು. ಪೂರ್ತಿ, ಒಂದೇ ಸಲಕ್ಕೆ, ಗಂಟಲು ಹರಿಯುವಂತೆ.

ಅವಳು ತಕ್ಷಣ ತಿರುಗಿದಳು. ಯಾರೋ ಬಹಳ ದಿನದಿಂದ ಕಾಯುತ್ತಿದ್ದವರು ತಿರುಗುವ ಹಾಗೆ ತಿರುಗಿ, ನೀರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದು ಕೈ ಹಿಡಿದಳು. ಆ ಕೈ ತಣ್ಣಗಿತ್ತು.

"ಅಂತೂ ಕರೆದ್ಯಲ್ಲಮ್ಮ" ಎಂದಳು.

ನಮ್ಮ ಕಡೆ ಮಗಳು ತಾಯಿಯನ್ನೂ ಅಮ್ಮ ಅನ್ನುತ್ತಾಳೆ, ಅತ್ತೆ ಸೊಸೆಯನ್ನೂ ಅಮ್ಮ ಅನ್ನುತ್ತಾಳೆ. ಅದು ಯಾವ ಅಮ್ಮ ಎಂದು ನಾನು ಕೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.