ಶಾರದಮ್ಮನವರ ಆಕ್ಷೇಪಣೆ

ಬನಾರಸಿಗೆ ವರ್ಗವಾದ ಮೇಲೆ ಕನ್ನಡ ನನಗೆ ಫೋನಿನಲ್ಲಷ್ಟೇ ಉಳಿದಿತ್ತು. ಗಲ್ಲಿ ಅಗಲ ಮಾಡಲು ಕೇದಾರ ಘಾಟ್‌ನ ಮನೆಗಳನ್ನು ಅಳೆಯುತ್ತಿದ್ದೆ. ಅಲ್ಲೊಂದು ಮನೆಯಲ್ಲಿ ನನ್ನ ಹಿಂದಿ ಕೇಳಿದ ಒಡತಿ ಶಾರದಮ್ಮ, "ನಮ್ಮ ಕಡೆಯವರಾ?" ಎಂದು ಕನ್ನಡದಲ್ಲೇ ಕೇಳಿ ಕಾಫಿ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಎಲ್ಲರದೂ ಹಿಂದಿಯೇ.

ರಸ್ತೆಗೆ ಜಗಲಿ ಹೋಗುತ್ತದೆ, ಪರಿಹಾರ ಸಿಗುತ್ತದೆ ಎಂದು ವಿವರಿಸಿದೆ.

"ಒಪ್ಪಿದರೆ?"

"ಇವತ್ತಿಗೇ ಮುಗೀತಮ್ಮ."

"ಒಪ್ಪದಿದ್ದರೆ?"

"ಆಕ್ಷೇಪಣೆ ಕೇಳೋಕೆ ನಾನು ಮತ್ತೆ ಬರಬೇಕು. ಕಾನೂನು ಹಾಗಿದೆ."

"ಹಾಗಾದರೆ ನನ್ನ ಆಕ್ಷೇಪಣೆ ಇದೆ, ಬರ್ಕೊಳ್ಳಿ."

"ಯಾವುದಕ್ಕಮ್ಮ?"

"ಮುಂದಿನ ವಾರ ಹೇಳ್ತೀನಿ."

ಆಮೇಲೆ ಎಷ್ಟೋ ಸಲ ಹೋದೆ. ಊರು, ಅಡುಗೆ, ಅವರ ಯಜಮಾನರು, ಎಲ್ಲ ಮಾತಾಡಿದೆವು. ಜಗಲಿಯ ಮಾತು ಬರಲೇ ಇಲ್ಲ. ಆ ಹೆಂಗಸಿನ ತಕರಾರೇನು ಎಂದು ಒಂದು ದಿನ ಸಾಹೇಬರು ಗದರಿದರು.

"ವಿಚಾರಣೆ ನಡೀತಿದೆ ಸರ್" ಎಂದೆ. ಮುಗಿಸುವ ಅವಸರ ನನಗೂ ಇರಲಿಲ್ಲ.